ಕಂದು ಮೋಡವೂ ನಮ್ಮೂರ ಧೂಳೂ



ಹುಬ್ಬಳ್ಳಿಯವರ ಮುಂದೆ ಧೂಳಿನ ವಿಷಯ ಮಾತನಾಡುವುದು ಮೀನಿಗೆ ಈಜು ಕಲಿಸಿದಂತೆ. ಆದರೂ ಹೇಳಲೇಬೇಕಾಗಿದೆ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ, ಗಾಳಿಯ ಮಾನದಂಡ ಮೀರಿದ ನಗರಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ನಾಲ್ಕು: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ. ಯಾರೋ ಅಳೆದಿದ್ದರು, ಅದಕ್ಕೇ ಪಟ್ಟಿಗೆ ಬಂದೆವು. ಹೀಗೆ ವಿಜ್ಞಾನಿ ಅಳೆದದ್ದು ಸರ್ಕಾರದ ಕಡತ ಸೇರುವಾಗ ಏನೇನಾಗುತ್ತದೆ? ಅದಕ್ಕೊಂದು ನಿದರ್ಶನ ಕೊಡುತ್ತೇನೆ.

ವೀರಭದ್ರನ್ ರಾಮನಾಥನ್ ತಮಿಳುನಾಡಿನವರು, ಬಾಲ್ಯದಲ್ಲೇ ಬೆಂಗಳೂರಿಗೆ ಬಂದವರು. ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯಲ್ಲಿ ಅನಿಲ ಸೋರಿಕೆ ತಡೆಯುವ ಕೆಲಸ ಮಾಡಿ, ಬಳಿಕ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿ ಅಮೆರಿಕಕ್ಕೆ ಹೋದರು. 1975ರಲ್ಲಿ ಅವರು ತೋರಿಸಿಕೊಟ್ಟದ್ದು ಅದೇ ಸೋರುವ ಅನಿಲದ ಪ್ರತಾಪವನ್ನು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಸಿ.ಎಫ್.ಸಿ.ಯ ಒಂದು ಅಣು ಇಂಗಾಲದ ಡೈ ಆಕ್ಸೈಡಿನ ಸುಮಾರು ಹತ್ತು ಸಾವಿರ ಅಣುಗಳಿಗೆ ಸಮ! 1987ರ ಮಾಂಟ್ರಿಯಲ್ ಒಪ್ಪಂದ ಆ ಅನಿಲಕ್ಕೆ ಕಡಿವಾಣ ಹಾಕಿದ್ದು ಓಜೋನ್ ಪದರ ಉಳಿಸಲೆಂದು. ಭೂಮಿಯ ಬಿಸಿಯೂ ಅಷ್ಟರಮಟ್ಟಿಗೆ ತಗ್ಗಿತು.

ಎರಡನೆಯ ಪ್ರಸಂಗ ಇಷ್ಟು ಸಲೀಸಾಗಿ ಮುಗಿಯಲಿಲ್ಲ. 1999ರಲ್ಲಿ ರಾಮನಾಥನ್ ಮತ್ತು ಸಂಗಡಿಗರು ವಿಮಾನ, ಹಡಗುಗಳಲ್ಲಿ ಹೋಗಿ ಹಿಂದೂ ಮಹಾಸಾಗರದ ಮೇಲಿನ ಗಾಳಿಯನ್ನು ಅಳೆದರು. ಕಟ್ಟಿಗೆ ಒಲೆ, ಡೀಸೆಲ್, ಕಲ್ಲಿದ್ದಲುಗಳ ಹೊಗೆ ಅಲ್ಲಿ ಕಂದು ಪರದೆಯಂತೆ ಹರಡಿತ್ತು. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಇದನ್ನು 'ಏಷ್ಯಾದ ಕಂದು ಮೋಡ' ಎಂದು ಕರೆದು ವರದಿ ಹೊರಡಿಸಿತು. ಆಕ್ಷೇಪ ಎದ್ದದ್ದು ಎಲ್ಲಿಂದ? ಅದೇ ಟಾಟಾ ಇನ್‌ಸ್ಟಿಟ್ಯೂಟಿನಿಂದ! ಅಲ್ಲಿನ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಅಳತೆ ಜನವರಿಯಿಂದ ಮಾರ್ಚ್‌ವರೆಗಿನದು, ಮುಂಗಾರು ಬಂದರೆ ಈ ಮಬ್ಬು ತೊಳೆದುಹೋಗುತ್ತದೆ, ಇಂಥದ್ದು ಏಷ್ಯಾದಲ್ಲಿ ಮಾತ್ರ ಇರುವುದೂ ಅಲ್ಲ. ಮುಂದೆ ಆ ಹೆಸರಿನಿಂದ 'ಏಷ್ಯಾ' ಬಿಟ್ಟುಹೋಯಿತು. ಹೊಗೆಯೇನೂ ಸುಳ್ಳಾಗಿರಲಿಲ್ಲ. ಆದರೆ ಯಾವ ತಿಂಗಳ ಹೊಗೆ, ಯಾರ ಹೊಗೆ ಎಂದು ಬಿಡಿಸಿ ಹೇಳದಿದ್ದರೆ ದೂರು ಬಡವರ ಒಲೆಯ ಮೇಲೇ ಬರುತ್ತದೆಂಬುದು ನನ್ನ ಅನಿಸಿಕೆ. ರಾಮನಾಥನ್ನರೂ ಸುಮ್ಮನೆ ಕೂರಲಿಲ್ಲ. 'ಸೂರ್ಯ' ಯೋಜನೆಯಡಿ ಉತ್ತರ ಪ್ರದೇಶದ ಹಳ್ಳಿಗೆ ಹೊಗೆ ಕಡಿಮೆಯಾಗುವ ಒಲೆಗಳನ್ನು ಒಯ್ದು, ಅದರಿಂದೇನಾಯಿತೆಂದು ಅಳೆಯಲು ಹೊರಟರು.

ಈಗ ನಮ್ಮೂರಿಗೆ ಬರೋಣ. ಗಾಳಿಯನ್ನು ಯಂತ್ರದಿಂದ ಎಳೆದು ಕಾಗದದಲ್ಲಿ ಸೋಸಿ, ಆ ಕಾಗದವನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗಿದರೆ ಧೂಳಿನ ಲೆಕ್ಕ ಸಿಗುತ್ತದೆ. ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳಿಗೆ 2009ರಲ್ಲಿ ಗೊತ್ತುಪಡಿಸಿದ ಮಿತಿ, ಘನ ಮೀಟರಿಗೆ ವರ್ಷದ ಸರಾಸರಿ 60 ಮೈಕ್ರೊಗ್ರಾಂ. ಸರಾಸರಿ ಎಂಬುದನ್ನು ಗಮನಿಸಿ. ಆಷಾಢ, ಶ್ರಾವಣದ ಜಿಟಿಜಿಟಿ ಮಳೆ ತೊಳೆದ ಗಾಳಿಯೂ, 'ಏನ್ ಧೂಳ ರೀ' ಎಂದು ಮೂಗಿಗೆ ವಸ್ತ್ರ ಹಿಡಿಯುವ ಬೇಸಿಗೆಯ ಗಾಳಿಯೂ ಅದರಲ್ಲಿ ಒಂದಾಗಿಬಿಡುತ್ತವೆ.

ಇನ್ನೊಂದು ತೊಡಕಿದೆ. ಕಾರ್ಯಕ್ರಮದ ಪ್ರಗತಿಯನ್ನು ಅಳೆದದ್ದು ಈ ಹತ್ತು ಮೈಕ್ರಾನಿನ ಲೆಕ್ಕದಲ್ಲಿ. ರಸ್ತೆ ಗುಡಿಸುವ ಯಂತ್ರ ಕೊಂಡರೆ, ನೀರು ಚಿಮುಕಿಸಿದರೆ ಅಂಕ ಸಿಗುತ್ತದೆ. ಪುಪ್ಪುಸದ ಆಳಕ್ಕಿಳಿಯುವ ಎರಡೂವರೆ ಮೈಕ್ರಾನಿನ ಕಣ ಹೆಚ್ಚಾಗಿ ಹುಟ್ಟುವುದು ಸುಡುವುದರಿಂದ: ಕಸಕ್ಕೆ ಹಚ್ಚುವ ಬೆಂಕಿ, ಹಳೆಯ ಡೀಸೆಲ್ ಗಾಡಿ. ಅದಕ್ಕೆ ನೀರಿನ ಟ್ಯಾಂಕರ್ ಏನು ಮಾಡೀತು?

ಆದ್ದರಿಂದ ಪಾಲಿಕೆಯವರಾಗಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರಾಗಲಿ ಗಾಳಿ ಸುಧಾರಿಸಿತೆಂದು ಹೇಳಿದಾಗ ಎರಡು ಪ್ರಶ್ನೆ ಕೇಳಿ: ಏಪ್ರಿಲ್ ತಿಂಗಳ ಅಂಕಿ ಎಷ್ಟು? ಎರಡೂವರೆ ಮೈಕ್ರಾನಿನ ಅಂಕಿ ಎಷ್ಟು?