ಲಾರಿ ನಿಲ್ಲಿಸುವಾಗ ಎಂಜಿನ್ ಬಂದ್ ಆಗುವುದೇಕೆ?

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ನಸುಕಿನಲ್ಲಿ ಟೊಮೆಟೊ ಹೇರಿಕೊಂಡು ಹೊರಟ ಸಣ್ಣ ಲಾರಿ ದಾರಿಯುದ್ದಕ್ಕೂ ಚೆನ್ನಾಗಿಯೇ ಓಡುತ್ತದೆ. ಮಾರುಕಟ್ಟೆಯ ಗೇಟಿನ ಬಳಿ ಬ್ರೇಕ್ ಒತ್ತಿದೊಡನೆ ಎಂಜಿನ್ ಬಂದ್ ಆಗುತ್ತದೆ. ಕೀಲಿ ತಿರುಗಿಸಿದರೆ ಮತ್ತೆ ಚಾಲೂ ಆಗುವುದರಿಂದ ನಾವು ಅಲಕ್ಷಿಸುತ್ತೇವೆ. ಇದು ಅಲಕ್ಷಿಸುವ ಮಾತಲ್ಲ. ಇಂಥ ಲಾರಿಗಳಲ್ಲಿ ಬ್ರೇಕಿಗೂ ಪವರ್ ಸ್ಟಿಯರಿಂಗಿಗೂ ನೆರವಿನ ಬಲ ಎಂಜಿನ್ನಿನಿಂದಲೇ ಬರುತ್ತದೆ. ಇಳಿಜಾರಿನಲ್ಲಿ ಎಂಜಿನ್ ನಿಂತರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ.

ಓಡುವಾಗ ಕಾಣದ ದೋಷ ನಿಲ್ಲುವಾಗಲೇ ಏಕೆ ಕಾಣುತ್ತದೆ? ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗವರ್ನರ್ ಎಂಜಿನ್ನಿಗೆ ಅತಿ ಕಡಿಮೆ ಡೀಸೆಲ್ ಬಿಡುತ್ತದೆ. ಆ ಸ್ವಲ್ಪದರಲ್ಲಿ ಗಾಳಿಯೋ ನೀರೋ ಸೇರಿದರೆ ಎಂಜಿನ್ ತಡೆದುಕೊಳ್ಳಲಾರದು.

ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ಲಾರಿಯನ್ನು ಸಮತಟ್ಟಾದ ಬಯಲಿನಲ್ಲಿ ನಿಧಾನವಾಗಿ ಓಡಿಸಿ, ನ್ಯೂಟ್ರಲ್‌ಗೆ ತಂದು, ಬ್ರೇಕ್ ಒತ್ತಿ ನಿಲ್ಲಿಸಿ. ಎಂಜಿನ್ ನಡೆಯುತ್ತಲೇ ಇದ್ದು, ಗೇರಿನಲ್ಲಿ ಕ್ಲಚ್ ಒತ್ತಿ ನಿಲ್ಲಿಸಿದಾಗ ಮಾತ್ರ ಬಂದ್ ಆದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಬೇಕು. ರಿವರ್ಸ್ ಗೇರ್ ಹಾಕುವಾಗ ಕರಕರ ಸದ್ದು ಬರುವುದೂ ಇದರ ಗುರುತೇ. ಕ್ಲಚ್ ಪೆಡಲಿನ ಸಡಿಲವನ್ನು ಸರಿಪಡಿಸಿಕೊಳ್ಳಿ.

ನ್ಯೂಟ್ರಲ್‌ನಲ್ಲಿಯೂ ಬಂದ್ ಆದರೆ ಡೀಸೆಲಿನ ದಾರಿಯನ್ನು ಕ್ರಮವಾಗಿ ನೋಡಿ. ಟ್ಯಾಂಕಿನಲ್ಲಿ ಡೀಸೆಲ್ ತೀರಾ ಕಡಿಮೆಯಿದ್ದರೆ ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ನುಗ್ಗಿ, ಕೊಳವೆ ಗಾಳಿಯನ್ನು ಹೀರುತ್ತದೆ. ಮುಚ್ಚಳದ ಗಾಳಿರಂಧ್ರ ಧೂಳಿನಿಂದ ಕಟ್ಟಿಕೊಂಡಿದ್ದರೆ ಶುಚಿ ಮಾಡಿ. ಬೆಳಿಗ್ಗೆ ಚಾಲೂ ಮಾಡುವ ಮುಂಚೆ ನೀರು ಬೇರ್ಪಡಿಸುವ ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ ನೀರನ್ನು ಹೊರಬಿಡಿ. ಮನೆಯಲ್ಲಿ ಡ್ರಮ್ಮಿನಲ್ಲಿ ಡೀಸೆಲ್ ಇಟ್ಟುಕೊಳ್ಳುವವರು ತಳದ ಗಸಿಯನ್ನು ಟ್ಯಾಂಕಿಗೆ ಸುರಿಯಬಾರದು. ಅವಧಿ ಮೀರಿದ ಫಿಲ್ಟರನ್ನು ಬದಲಾಯಿಸಿ. ಅನಂತರ ಟ್ಯಾಂಕಿನಿಂದ ಪಂಪಿನವರೆಗೆ ಕೊಳವೆಯ ಕೀಲುಗಳನ್ನೂ ವಾಷರುಗಳನ್ನೂ ನೋಡಿ. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಂತು ಡೀಸೆಲ್ ಮಾತ್ರ ಬರುವವರೆಗೆ ಕೈಪಂಪನ್ನು ಒತ್ತಿ, ತಿರುಪನ್ನು ಬಿಗಿ ಮಾಡಿ. ಮತ್ತೆ ಮತ್ತೆ ಗುಳ್ಳೆ ಬಂದರೆ ಎಲ್ಲಿಯೋ ಗಾಳಿ ಸೇರುತ್ತಿದೆ ಎಂದೇ ಅರ್ಥ.

ಇಷ್ಟೆಲ್ಲ ಸರಿಯಿದ್ದ ಮೇಲೆಯೇ ಐಡಲ್ ವೇಗವನ್ನು ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಹೊಂದಿಸಬೇಕು. ಮೊದಲೇ ಅದನ್ನು ಹೆಚ್ಚಿಸಿದರೆ ರೋಗವನ್ನು ಮುಚ್ಚಿಟ್ಟಂತಾಗುತ್ತದೆ. ಪಂಪಿನ ಸೀಲನ್ನು ಒಡೆಯುವುದು ಕಡೆಯ ಮಾತು, ಅದೂ ಬಲ್ಲವರ ಕೈಯಲ್ಲಿ.

ಪೆಟ್ರೋಲ್ ಗಾಡಿಯಾದರೆ ಬ್ರೇಕ್ ಬೂಸ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಸೀಳಿದೆಯೇ ನೋಡಿ. ಸೀಳಿದ್ದರೆ ಬುಸ್ ಎನ್ನುವ ಸದ್ದು ಕೇಳಿಸುತ್ತದೆ. 2020ರ ಏಪ್ರಿಲ್‌ನಿಂದ ಬಂದಿರುವ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಇಂಧನದ ಒತ್ತಡ 1,000 ಬಾರ್‌ಗೂ ಮೀರಬಹುದು. ಅವುಗಳ ಕೊಳವೆಗಳನ್ನು ಎಂದೂ ಬಿಚ್ಚಬೇಡಿ. ಚರ್ಮವನ್ನೇ ಸೀಳಿ ಒಳನುಗ್ಗುವಷ್ಟು ಬಲ ಅದಕ್ಕಿದೆ. ಕಂಪ್ಯೂಟರ್ ಉಪಕರಣವಿರುವ ಕಾರ್ಯಾಗಾರಕ್ಕೆ ಒಯ್ಯಿರಿ.

ದಾರಿಯಲ್ಲೇ ಎಂಜಿನ್ ಬಂದ್ ಆದರೆ ಗಾಬರಿಪಡದೆ ಬ್ರೇಕನ್ನು ಒಂದೇ ಸಲ ಬಲವಾಗಿ ಒತ್ತಿ ಹಿಡಿಯಿರಿ. ಬಿಟ್ಟು ಬಿಟ್ಟು ಒತ್ತಿದರೆ ಉಳಿದ ಬಲವೂ ಹೋಗುತ್ತದೆ. ಗಾಡಿ ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ದೋಷ ಬಿಸಿಯಲ್ಲೋ ತಣ್ಣಗಿರುವಾಗಲೋ, ಗೇರಿನಲ್ಲೋ ನ್ಯೂಟ್ರಲ್‌ನಲ್ಲೋ ಎಂಬುದನ್ನು ಬರೆದಿಟ್ಟು ಮೆಕ್ಯಾನಿಕ್‌ಗೆ ತಿಳಿಸಿ. ಅಷ್ಟರಿಂದಲೇ ಅರ್ಧ ದುರಸ್ತಿ ಆದಂತೆ. ಹಣವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.