ಲೆಕ್ಕ ಕಲಿಸುವ ಪ್ರಯೋಗಕ್ಕೆ ನಮ್ಮ ಸಂಘವೂ ಮುಂದೆ ಬರಲಿ

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಇಪ್ಪತ್ತೈದು ವರ್ಷದಲ್ಲಿ ಮಾಡಿದ್ದನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಮುಂದೆ ಮಾಡಬೇಕಾದ ಒಂದು ಕೆಲಸದ ಬಗ್ಗೆ ಎರಡು ಮಾತು ಹೇಳುತ್ತೇನೆ. ಅದು ದೊಡ್ಡವರಿಗೆ ಲೆಕ್ಕ ಕಲಿಸುವ ಕೆಲಸ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಪುಸ್ತಕದಲ್ಲಿ ಏನು ಬರೆದಿದೆ ಅಂತ ತಿಳಿಯದೆ ರೈತ ಹೆಬ್ಬೆಟ್ಟು ಒತ್ತುತ್ತಿದ್ದ ಕಾಲ ಅದು. ಇವತ್ತು ಆ ಪುಸ್ತಕದ ಜಾಗಕ್ಕೆ ಮೆಷಿನ್ನಿನ ಚೀಟಿ ಬಂದಿದೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ ಎಲ್ಲಾ ಅದರಲ್ಲಿ ಇರುತ್ತೆ. ಅದನ್ನು ಓದಿ ಸರಿಯೋ ತಪ್ಪೋ ಅಂತ ಹೇಳಬಲ್ಲವರು ಎಷ್ಟು ಜನ? 6.05 ಲೀಟರಿಗೂ 6.5 ಲೀಟರಿಗೂ ವ್ಯತ್ಯಾಸ 450 ಮಿಲಿ. ಲೀಟರಿಗೆ 30 ರೂಪಾಯಿ ಅಂತ ಇಟ್ಟುಕೊಂಡರೂ ಒಂದು ಹೊತ್ತಿಗೆ ಹದಿಮೂರೂವರೆ ರೂಪಾಯಿ ಆಯಿತು.

ಸಾಲದ ಲೆಕ್ಕ ಇನ್ನೂ ಕಷ್ಟ. ಹತ್ತು ಸಾವಿರ ಸಾಲ, ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ, ಹನ್ನೆರಡು ಕಂತು ಅಂತ ಇಬ್ಬರು ಹೇಳುತ್ತಾರೆ ಅಂತಿಟ್ಟುಕೊಳ್ಳಿ. ಒಬ್ಬರು ಪೂರ್ತಿ ಹತ್ತು ಸಾವಿರಕ್ಕೆ ವರ್ಷವಿಡೀ ಬಡ್ಡಿ ಹಾಕಿ 1,200 ರೂಪಾಯಿ ತೆಗೆದುಕೊಳ್ಳುತ್ತಾರೆ. ಇನ್ನೊಬ್ಬರು ಪ್ರತಿ ತಿಂಗಳು ಅಸಲು ತೀರಿದ ಹಾಗೆ ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುತ್ತಾರೆ, ಆಗ 650 ರೂಪಾಯಿ ಮಾತ್ರ ಆಗುತ್ತೆ. ಬಾಯಲ್ಲಿ ಹೇಳುವ ಬಡ್ಡಿ ಒಂದೇ, ಕೊಡುವ ದುಡ್ಡಿನಲ್ಲಿ 550 ರೂಪಾಯಿ ವ್ಯತ್ಯಾಸ. ಮೈಕ್ರೋ ಫೈನಾನ್ಸ್ ವಸೂಲಿಯ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬೇಕು. ಅದರ ಜೊತೆಗೆ ಸಹಿ ಹಾಕುವ ಮೊದಲೇ ಲೆಕ್ಕ ತಿಳಿಯುವುದೂ ಬೇಕು.

ನಮ್ಮವರಿಗೆ ಲೆಕ್ಕ ಬರೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ಸಾವಿರಾರು ರೂಪಾಯಿ ವ್ಯಾಪಾರ ಕುದುರಿಸುವ ಜನ ನಾವು. ಕಾಗದದ ಮೇಲೆ ಬಂದಾಗ ಮಾತ್ರ ನಿಂತುಬಿಡುತ್ತೇವೆ. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತರಕಾರಿ ತೂಗಿ ಬಾಯಲ್ಲೇ ಸರಿಯಾಗಿ ಲೆಕ್ಕ ಹೇಳುವ ಮಕ್ಕಳು ಅಂಥದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕೊಟ್ಟಾಗ ತಡವರಿಸಿದರು. ಬಾಯಿಲೆಕ್ಕ ಮತ್ತು ಬರಹದ ಲೆಕ್ಕ ತಾವಾಗಿಯೇ ಸೇರೋದಿಲ್ಲ, ಯಾರಾದರೂ ಸೇರಿಸಬೇಕು.

ಹೇಗೆ ಸೇರಿಸಬೇಕು ಅನ್ನೋದೇ ಪ್ರಶ್ನೆ. 15 ವರ್ಷ ದಾಟಿದ, ಓದು ಬರಹ ಬಾರದವರಿಗಾಗಿ ಕೇಂದ್ರ ಸರ್ಕಾರ 2022-27ರ ಅವಧಿಗೆ ರೂಪಿಸಿದ ಉಲ್ಲಾಸ್ ಕಾರ್ಯಕ್ರಮದಲ್ಲಿ ಲೆಕ್ಕವೂ ಸೇರಿದೆ. ಆದರೆ ಹಾಲಿನ ಚೀಟಿ ಹಿಡಿದು ಕಲಿಸಿದರೆ ಒಳ್ಳೆಯದೋ, ಪುಸ್ತಕದಿಂದ ಕಲಿಸಿದರೆ ಒಳ್ಳೆಯದೋ, ಮೊಬೈಲಿನಲ್ಲಿ ಕಲಿಸಿದರೆ ಒಳ್ಳೆಯದೋ ಅನ್ನೋದನ್ನು ಪ್ರಯೋಗ ಮಾಡಿಯೇ ತಿಳಿಯಬೇಕು.

ಪ್ರಯೋಗ ಅಂದರೆ ಹೆದರಬೇಡಿ. ಹೊಸ ರಾಗಿ ತಳಿ ಬಂದಾಗ ಒಂದು ಪಟ್ಟಿಯಲ್ಲಿ ಹೊಸದು, ಪಕ್ಕದ ಪಟ್ಟಿಯಲ್ಲಿ ಹಳೆಯದು ಬಿತ್ತಿ ನೋಡುತ್ತೇವೆ. ಒಳ್ಳೆ ಮಣ್ಣಿಗೆ ಹೊಸದು, ಕಲ್ಲು ಭೂಮಿಗೆ ಹಳೆಯದು ಹಾಕಿದರೆ ಅದು ತಳಿಯ ಗುಣವೋ ಮಣ್ಣಿನ ಗುಣವೋ ತಿಳಿಯೋದಿಲ್ಲ. ಆದ್ದರಿಂದ ಯಾವ ಊರಿಗೆ ಯಾವ ಪಾಠ ಅಂತ ಚೀಟಿ ಎತ್ತುತ್ತಾರೆ. ಒಂದೇ ಸಂಘ ಸೇರಿದರೆ ಅಲ್ಲಿನ ಮೇಷ್ಟ್ರು ಚೆನ್ನಾಗಿ ಕಲಿಸಿದರು ಅಷ್ಟೇ ಅಂದುಬಿಡಬಹುದು. ಅದಕ್ಕೇ ಬಹಳ ಸಂಘಗಳು ಬೇಕು.

ಆಫ್ರಿಕಾದ ನೈಜರ್ ದೇಶದಲ್ಲಿ 2009ರಲ್ಲಿ ಶುರುವಾದ ಪ್ರಯೋಗದಲ್ಲಿ 113 ಹಳ್ಳಿಗಳಿದ್ದವು. ಎಲ್ಲಾ ಊರಲ್ಲೂ ದೊಡ್ಡವರಿಗೆ ಓದು, ಲೆಕ್ಕ ಕಲಿಸಿದರು. ಅರ್ಧದಷ್ಟು ಊರುಗಳಲ್ಲಿ ಮಾತ್ರ ಐದು ಜನಕ್ಕೆ ಒಂದರಂತೆ ಸಾದಾ ಮೊಬೈಲ್ ಕೊಟ್ಟು ಅದನ್ನು ಬಳಸುವುದನ್ನೂ ಹೇಳಿಕೊಟ್ಟರು. ಪಾಠ ಫೆಬ್ರವರಿಯಿಂದ ಜೂನ್‌ವರೆಗೆ, ಬಿತ್ತನೆ ಕೊಯ್ಲಿನ ತಿಂಗಳುಗಳಲ್ಲಿ ರಜೆ. ಕೊನೆಗೆ ಪರೀಕ್ಷೆ ಮಾಡಿದಾಗ ಮೊಬೈಲ್ ಇದ್ದ ಊರಿನವರು ಬರವಣಿಗೆಯಲ್ಲೂ ಲೆಕ್ಕದಲ್ಲೂ ಮುಂದಿದ್ದರು. ನಮ್ಮ ದೇಶದಲ್ಲೂ ಬಿಹಾರ, ರಾಜಸ್ಥಾನದ 480 ಹಳ್ಳಿಗಳಲ್ಲಿ ಪ್ರಥಮ್ ಸಂಸ್ಥೆ ತಾಯಂದಿರಿಗೆ ಕಲಿಸಿದ ಪ್ರಯೋಗದ ಫಲ 2017ರಲ್ಲಿ ಪ್ರಕಟವಾಯಿತು. ಕಲಿಕೆ ಹೆಚ್ಚಿತು, ಆದರೆ ಸ್ವಲ್ಪವೇ ಅಂತ ಅದರಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆದಿದ್ದಾರೆ. ನಮಗೂ ಅಂಥ ಸತ್ಯವೇ ಬೇಕು.

ಇಂಥ ಪ್ರಯೋಗಕ್ಕೆ ಸಂಸ್ಥೆಗಳನ್ನು ಹುಡುಕಿಕೊಂಡು ಬಂದಾಗ ಹಿಂಜರಿಯುವವರೇ ಹೆಚ್ಚು. ಕಾರ್ಯದರ್ಶಿಗೆ ಕೆಲಸ ಜಾಸ್ತಿ, ಚೀಟಿಯಲ್ಲಿ ನಮ್ಮ ಊರಿಗೆ ಪಾಠ ಬರದಿದ್ದರೆ ನಮಗೇನು ಲಾಭ, ಜನ ಲೆಕ್ಕ ಕಲಿತು ದಿನಾ ಪ್ರಶ್ನೆ ಕೇಳಿದರೆ ಏನು ಗತಿ ಅನ್ನುತ್ತಾರೆ. ಕೊನೆಯ ಮಾತಿಗೆ ನನ್ನ ಉತ್ತರ ಇಷ್ಟೇ. ಪ್ರಾಮಾಣಿಕ ಕಾರ್ಯದರ್ಶಿಗೆ ಲೆಕ್ಕ ಬಲ್ಲ ಸದಸ್ಯನಿಗಿಂತ ದೊಡ್ಡ ಸಾಕ್ಷಿ ಇಲ್ಲ. ಚೀಟಿ ಓದಲು ಬಾರದವರು ಅರಳಿಕಟ್ಟೆಯಲ್ಲಿ ಕೂತು ಅನುಮಾನ ಪಡುತ್ತಾರೆ, ಬರುವವರು ಕೌಂಟರಿನಲ್ಲೇ ಕೇಳಿ ಬಗೆಹರಿಸಿಕೊಳ್ಳುತ್ತಾರೆ.

ಹಾಗಂತ ಯಾರು ಬಂದರೂ ಒಪ್ಪಬೇಕಿಲ್ಲ, ನಾವೂ ಕೆಲವು ಷರತ್ತು ಹಾಕಬೇಕು. ಮಹಾಸಭೆಯಲ್ಲಿ ಠರಾವು ಆಗಬೇಕು, ಆಮೇಲೆ ಪ್ರತಿ ಸದಸ್ಯರ ಒಪ್ಪಿಗೆಯನ್ನೂ ಬೇರೆಯಾಗಿ ಕೇಳಬೇಕು. ಬೇಡ ಅಂದವರು ಯಾವಾಗ ಬೇಕಾದರೂ ಬಿಡಬಹುದು. ಯಾರಿಗೆ ಎಷ್ಟು ನಂಬರ್ ಬಂತು ಅಂತ ಬೋರ್ಡಿಗೆ ಹಾಕಕೂಡದು. ಸಾಲಕ್ಕಾಗಲಿ ಬೋನಸ್ಸಿಗಾಗಲಿ ಅದನ್ನು ನೋಡಕೂಡದು. ಪಾಠದ ಹೊತ್ತು ಎರಡು ಕರಾವಿನ ನಡುವೆ ಇರಬೇಕು, ಇಲ್ಲದಿದ್ದರೆ ಹೆಂಗಸರು ಬರಲಾಗದು. ಚೀಟಿಯಲ್ಲಿ ಪಾಠ ಸಿಗದ ಊರಿಗೆ ಪ್ರಯೋಗ ಮುಗಿದ ಮೇಲೆ ಪಾಠ ಕೊಡಬೇಕು. ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಇದೇ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು.

ಈ ಷರತ್ತುಗಳಿಗೆ ಒಪ್ಪುವ ವಿಶ್ವವಿದ್ಯಾಲಯವಾಗಲಿ ಸಂಸ್ಥೆಯಾಗಲಿ ಕೇಳಿದರೆ ನಮ್ಮ ಸಂಘ ಸಿದ್ಧವಿದೆ ಅಂತ ಒಕ್ಕೂಟಕ್ಕೆ ಪತ್ರ ಬರೆಯೋಣ. ಅಕ್ಕಪಕ್ಕದ ಸಂಘಗಳ ಅಧ್ಯಕ್ಷರುಗಳೂ ಇಲ್ಲಿ ಬಂದಿದ್ದೀರಿ, ನೀವೂ ನಿಮ್ಮ ಸಭೆಗಳಲ್ಲಿ ಈ ಮಾತು ಎತ್ತಿ ಎಂದು ಕೈಮುಗಿದು ಕೇಳುತ್ತೇನೆ. ಮುಂದಿನ ಮಹಾಸಭೆಗೆ ಈ ವಿಷಯವನ್ನು ಸೇರಿಸಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.