ಬೇಬಿ ವಾಕರ್‌ಗಳ ಬಳಕೆ: ಶಿಶು ಸುರಕ್ಷತೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ಚರಂಡಿ, ಬೀದಿದೀಪ, ವಸತಿ, ಉದ್ಯೋಗ ಖಾತ್ರಿ ಕಾಮಗಾರಿ ಮುಂತಾದವು ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಚರ್ಚೆಗೆ ಬರುವುದು ವಾಡಿಕೆ. ಎಂಟು ತಿಂಗಳ ಕೂಸನ್ನು ಕೂರಿಸುವ ಗಾಲಿಯ ಚೌಕಟ್ಟೊಂದು ಸಭೆಯ ವಿಷಯವಾಗಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದ್ದು, ಅದರಲ್ಲಿ 25ನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಇದರ ಜೊತೆಗೆ, ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಆರಂಭಗೊಂಡಿವೆ. ಇಂತಹ ಕೇಂದ್ರಕ್ಕೆ ಆಟಿಕೆಗಳನ್ನು ಖರೀದಿಸುವಾಗ ಅಥವಾ ಊರಿನ ದಾನಿಗಳು ಪ್ರೀತಿಯಿಂದ ವಾಕರ್‌ಗಳನ್ನು ತಂದುಕೊಟ್ಟಾಗ, ಬೇಕು ಅಥವಾ ಬೇಡ ಎಂದು ತೀರ್ಮಾನಿಸಬೇಕಾದವರು ಚುನಾಯಿತ ಸದಸ್ಯರೇ. ಆದ್ದರಿಂದ ಈ ವಿಷಯವನ್ನು ಸರಿಯಾಗಿ ಅರಿತಿರುವುದು ಅಗತ್ಯ.

ವಾಕರ್ ಎಂದರೇನು

ಇಲ್ಲಿ ವಾಕರ್ ಎಂದರೆ ಸುತ್ತಲೂ ಗಾಲಿಗಳಿರುವ, ನಡುವೆ ಬಟ್ಟೆಯ ಆಸನವಿರುವ, ಮುಂದೆ ಆಟಿಕೆಗಳ ತಟ್ಟೆಯಿರುವ ಪ್ಲಾಸ್ಟಿಕ್ ಅಥವಾ ಲೋಹದ ಚೌಕಟ್ಟು. ಕೂಸು ಅದರೊಳಗೆ ಕುಳಿತು, ಕಾಲ್ಬೆರಳುಗಳಿಂದ ನೆಲವನ್ನು ಒತ್ತಿ ಎತ್ತ ಬೇಕೆಂದರತ್ತ ಸಾಗುತ್ತದೆ. ಮಕ್ಕಳು ಹಿಂದಿನಿಂದ ಹಿಡಿದು ತಳ್ಳುತ್ತ ನಡೆಯುವ ಮೂರು ಗಾಲಿಯ ಮರದ ಗಾಡಿ ಇದಕ್ಕಿಂತ ಬೇರೆಯಾದುದು. ಅದರಲ್ಲಿ ಆಸನವಿಲ್ಲ. ಮಗು ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ. ಆಯತಪ್ಪಿದರೆ ನೆಲಕ್ಕೆ ಕುಸಿದು ಕೂರುತ್ತದೆ. ಎದ್ದು ನಿಲ್ಲಲು ಕಲಿತ ಮಗು, ಹಿರಿಯರ ಕಣ್ಣೆದುರಿನಲ್ಲಿ, ಸಮತಟ್ಟಾದ ನೆಲದಲ್ಲಿ ಅದನ್ನು ಬಳಸಬಹುದು. ಈ ಉಪನ್ಯಾಸದ ವಿಷಯ ಆಸನವಿರುವ ವಾಕರ್ ಮಾತ್ರ.

ತಾಯಂದಿರು ವಾಕರ್ ಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಕೂಸು ಬೇಗ ನಡೆಯಲು ಕಲಿಯುತ್ತದೆ ಎಂಬ ನಂಬಿಕೆ ಒಂದು. ಕೂಸು ಅದರಲ್ಲಿರುವಷ್ಟು ಹೊತ್ತು ರೊಟ್ಟಿ ತಟ್ಟಲು, ಬಟ್ಟೆ ಒಗೆಯಲು, ದನಕ್ಕೆ ಮೇವು ಹಾಕಲು ಎರಡೂ ಕೈಗಳು ಬಿಡುವಾಗುತ್ತವೆ ಎಂಬುದು ಇನ್ನೊಂದು. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ನಿಜವಾದ ಕಷ್ಟ. ಅದನ್ನು ಹಗುರವಾಗಿ ಕಾಣುವಂತಿಲ್ಲ.

ನಡೆಯುವುದನ್ನು ಗಾಲಿ ಕಲಿಸುವುದಿಲ್ಲ

ಕೂಸು ಬೋರಲಾಗುತ್ತದೆ, ತೆವಳುತ್ತದೆ, ಕೂರುತ್ತದೆ, ಅಂಬೆಗಾಲಿಡುತ್ತದೆ, ಹಿಡಿದು ನಿಲ್ಲುತ್ತದೆ, ಕೊನೆಗೆ ಹೆಜ್ಜೆಯಿಡುತ್ತದೆ. ಒಂದೊಂದು ಹಂತದಲ್ಲಿಯೂ ಕುತ್ತಿಗೆ, ಬೆನ್ನು, ಸೊಂಟ, ತೊಡೆಗಳ ಸ್ನಾಯುಗಳು ಕ್ರಮವಾಗಿ ಬಲಗೊಳ್ಳುತ್ತವೆ. ವಾಕರ್‌ನಲ್ಲಿ ಕೂಸಿನ ಭಾರವನ್ನು ಆಸನ ಹೊರುತ್ತದೆ. ಸೊಂಟ ಮತ್ತು ಬೆನ್ನಿಗೆ ಸಮತೋಲನದ ಅಭ್ಯಾಸ ದೊರೆಯುವುದಿಲ್ಲ. ಅಂಗಾಲನ್ನು ಪೂರ್ತಿ ಊರದೆ ತುದಿಗಾಲಿನಲ್ಲಿ ತಳ್ಳುವ ರೂಢಿಯಾಗುತ್ತದೆ. ಮುಂದಿನ ತಟ್ಟೆ ಅಡ್ಡವಾಗಿ, ಕೂಸಿಗೆ ತನ್ನ ಪಾದಗಳೇ ಕಾಣುವುದಿಲ್ಲ.

2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಐರ್ಲೆಂಡಿನ ಅಧ್ಯಯನವೊಂದು 190 ಶಿಶುಗಳ ಬೆಳವಣಿಗೆಯನ್ನು ಪರಿಶೀಲಿಸಿತು. ವಾಕರ್‌ನಲ್ಲಿ ಕಳೆದ ಒಟ್ಟು ಸಮಯದ ಪ್ರತಿ 24 ಗಂಟೆಗೆ, ಮಗು ಒಂಟಿಯಾಗಿ ನಡೆಯುವುದು ಸರಾಸರಿ 3.3 ದಿನ ಮತ್ತು ಒಂಟಿಯಾಗಿ ನಿಲ್ಲುವುದು 3.7 ದಿನ ತಡವಾಗಿರುವುದು ಅದರಲ್ಲಿ ಕಂಡುಬಂದಿತು. ಎಲ್ಲ ಅಧ್ಯಯನಗಳೂ ಇಷ್ಟೇ ಪ್ರಮಾಣದ ವಿಳಂಬವನ್ನು ತೋರಿಸಿಲ್ಲ. ಕೆಲವದರಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿಲ್ಲ. ಆದರೆ ವಾಕರ್‌ನಿಂದ ಮಗು ಬೇಗ ನಡೆಯುತ್ತದೆ ಎಂಬ ಮಾತಿಗೆ ದೃಢವಾದ ಆಧಾರ ದೊರೆತಿಲ್ಲ. ಅಂದರೆ, ಯಾವ ಲಾಭಕ್ಕಾಗಿ ಹಣ ಕೊಡಲಾಗುತ್ತದೆಯೋ ಆ ಲಾಭವೇ ಇಲ್ಲ.

ನಡೆಯುವ ವಯಸ್ಸಿನ ಬಗ್ಗೆ ಅನಗತ್ಯ ಆತಂಕವೂ ಇದೆ. ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ನಡೆಯಿತು, ತಮ್ಮದು ಇನ್ನೂ ಅಂಬೆಗಾಲಿನಲ್ಲಿದೆ ಎಂದು ಅಜ್ಜಿಯರು ಚಿಂತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಮಾಹಿತಿಯಂತೆ, ಒಂಟಿಯಾಗಿ ನಡೆಯುವ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿಕೊಂಡಿದೆ. ಶೇ. 4ರಷ್ಟು ಮಕ್ಕಳು ಕೈ ಮತ್ತು ಮಂಡಿಯೂರಿ ಅಂಬೆಗಾಲಿಡುವ ಹಂತವನ್ನೇ ಕಾಣದೆ ಮುಂದಿನ ಹಂತಕ್ಕೆ ಹೋದರು. ಹತ್ತು ತಿಂಗಳು, ಹದಿನೈದು ತಿಂಗಳು ಎರಡೂ ಸಹಜವೇ. ಹದಿನೆಂಟು ತಿಂಗಳಾದರೂ ನಡೆಯದ ಮಗುವಿಗೆ ಬೇಕಾದದ್ದು ವೈದ್ಯರ ತಪಾಸಣೆ. ಅಂತಹ ಮಗುವನ್ನು ವಾಕರ್‌ನಲ್ಲಿ ಕೂರಿಸಿದರೆ ಅದು ಓಡಾಡುತ್ತಿರುವಂತೆ ತೋರಿ, ನಿಜವಾದ ತೊಂದರೆ ಮನೆಯವರ ಕಣ್ಣಿಗೆ ಬೀಳದೆ ಉಳಿಯುವ ಅಪಾಯವಿದೆ.

ಅಪಾಯ ಹೇಗೆ ಸಂಭವಿಸುತ್ತದೆ

ವಾಕರ್‌ನಲ್ಲಿರುವ ಕೂಸು ಒಂದು ಸೆಕೆಂಡಿನಲ್ಲಿ ಮೂರು ಅಡಿಗಿಂತ ಹೆಚ್ಚು ದೂರ ಸಾಗಬಲ್ಲದು. ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಪಡಸಾಲೆಗೆ ನುಣುಪಾದ ಟೈಲ್ಸ್ ಹಾಕಿದೆ. ಕೂಸಿನಿಂದ ಒಂಬತ್ತು ಅಡಿ ದೂರದಲ್ಲಿ ಬಾಗಿಲು, ಅದಕ್ಕೆ ಹೊಸ್ತಿಲು, ಹೊಸ್ತಿಲಿನ ಆಚೆ ಜಗುಲಿ, ಜಗುಲಿಯಿಂದ ಬೀದಿಗೆ ಮೂರು ಮೆಟ್ಟಿಲು. ತಾಯಿ ಒಲೆಯ ಮುಂದೆ ಕುಳಿತಿದ್ದಾಳೆ. ಕೂಸು ಬಾಗಿಲಿನತ್ತ ತಿರುಗಿದ್ದನ್ನು ಕಂಡು, ಕೈಯಲ್ಲಿದ್ದ ಹಿಟ್ಟನ್ನು ಬಿಟ್ಟು ಆಕೆ ಏಳುವಷ್ಟರಲ್ಲಿ ಆ ಮೂರು ಸೆಕೆಂಡು ಮುಗಿದಿರುತ್ತದೆ. ಮುಂದಿನ ಗಾಲಿ ಹೊಸ್ತಿಲಿಗೆ ತಾಗಿ ನಿಲ್ಲುತ್ತದೆ. ಕೂಸಿನ ದೇಹ ನಿಲ್ಲುವುದಿಲ್ಲ. ಶಿಶುವಿನಲ್ಲಿ ದೇಹದ ಅಳತೆಗೆ ಹೋಲಿಸಿದರೆ ತಲೆ ದೊಡ್ಡದು, ಭಾರವೂ ಹೆಚ್ಚು. ಹಾಗಾಗಿ ಅದು ತಲೆ ಮುಂದಾಗಿಯೇ ಬೀಳುತ್ತದೆ. ಹೊಸ್ತಿಲಿಲ್ಲದ ಬಾಗಿಲಾದರೆ ವಾಕರ್ ಸಮೇತ ಮೆಟ್ಟಿಲಿನಿಂದ ಉರುಳುತ್ತದೆ.

ಇಲ್ಲಿ ತಾಯಿ ಗಮನವಿಟ್ಟಿಲ್ಲ ಎನ್ನುವಂತಿಲ್ಲ. ಹಿರಿಯರು ಅದೇ ಕೋಣೆಯಲ್ಲಿದ್ದಾಗಲೂ ಇಂತಹ ಅವಘಡಗಳು ನಡೆಯುತ್ತವೆ. ಅಂಬೆಗಾಲಿಡುವ ಕೂಸು ನಿಧಾನವಾಗಿ ಸಾಗಿ, ಅಂಚನ್ನು ಕೈಯಿಂದ ಮುಟ್ಟಿ ನೋಡಿ, ಹಿಂದೆ ಸರಿಯುವುದನ್ನು ದಿನದಿನವೂ ಕಲಿಯುತ್ತದೆ. ಹೊಸ್ತಿಲು ದಾಟಿದ ಕೂಸಿಗಾಗಿ ಕೆಲವು ಮನೆಗಳಲ್ಲಿ ಸಿಹಿ ಹಂಚುವುದುಂಟು. ಆ ದಾಟುವಿಕೆ ಕೂಸಿನ ಸ್ವಂತ ಸಾಧನೆಯಾಗಿರುತ್ತದೆ. ವಾಕರ್ ಈ ಕಲಿಕೆಯನ್ನು ತಪ್ಪಿಸಿ, ಕೂಸಿಗೆ ಅದರ ಬುದ್ಧಿಗೆ ಮೀರಿದ ವೇಗವನ್ನು ಕೊಡುತ್ತದೆ.

ಬೀಳುವುದೊಂದೇ ಅಪಾಯವಲ್ಲ. ವಾಕರ್‌ನಲ್ಲಿ ನೆಟ್ಟಗಿರುವ ಕೂಸಿನ ಕೈ ಎತ್ತರಕ್ಕೆ ಎಟುಕುತ್ತದೆ. ಮೇಜಿನ ಅಂಚಿನ ಚಹಾ ಲೋಟ, ಒಲೆಯ ಮೇಲಿನ ಸಾರಿನ ಪಾತ್ರೆ, ಇಸ್ತ್ರಿಪೆಟ್ಟಿಗೆಯ ವೈರು ಕೈಗೆ ಸಿಗುತ್ತವೆ. ನೆಲದೊಲೆ, ಸ್ನಾನದ ನೀರು ಕಾಯುವ ಹಂಡೆ, ತೆರೆದ ಸಂಪು, ನೀರು ತುಂಬಿದ ಬಕೆಟ್ ಇವೆಲ್ಲ ಹಳ್ಳಿಯ ಮನೆಯಲ್ಲಿ ಕೆಲವೇ ಅಡಿಗಳ ಅಂತರದಲ್ಲಿರುತ್ತವೆ. ಕೆಲವೇ ಅಂಗುಲ ಆಳದ ನೀರಿನಲ್ಲಿಯೂ ಶಿಶು ಮುಳುಗಿ ಸಾಯಬಹುದು. ಮಡಚುವ ಕಾಲುಗಳಿರುವ ಹಳೆಯ ವಾಕರ್‌ಗಳಲ್ಲಿ ಬೆರಳು ಸಿಕ್ಕಿ ಜಜ್ಜುವ ಅಪಾಯವೂ ಇದೆ.

ಬೇರೆ ದೇಶಗಳ ಅನುಭವ

ಅಮೆರಿಕದಲ್ಲಿ 1990ರಿಂದ 2014ರ ಅವಧಿಯಲ್ಲಿ, 15 ತಿಂಗಳೊಳಗಿನ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಮಕ್ಕಳು ವಾಕರ್‌ನಿಂದಾದ ಗಾಯಗಳಿಗಾಗಿ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಚಿಕಿತ್ಸೆ ಪಡೆದರೆಂದು 2018ರಲ್ಲಿ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಅವುಗಳಲ್ಲಿ ಶೇ. 90ರಷ್ಟು ತಲೆ ಅಥವಾ ಕುತ್ತಿಗೆಯ ಗಾಯಗಳು. ಸುಮಾರು ಮುಕ್ಕಾಲು ಭಾಗ ಮೆಟ್ಟಿಲಿನಿಂದ ಬಿದ್ದು ಆದವು. ಮೆಟ್ಟಿಲಿನ ಅಂಚಿನಲ್ಲಿ ತಡೆಯುವ ವಿನ್ಯಾಸದ ಮಾನದಂಡಗಳು 1997ರಲ್ಲಿ ಬಂದವು. 1990ರಲ್ಲಿ 20 ಸಾವಿರಕ್ಕೂ ಹೆಚ್ಚಿದ್ದ ವಾರ್ಷಿಕ ಗಾಯಗಳ ಸಂಖ್ಯೆ 2003ಕ್ಕೆ ಸುಮಾರು 3,200ಕ್ಕೆ ಇಳಿಯಿತು. ಇಳಿಯಿತೇ ಹೊರತು ನಿಲ್ಲಲಿಲ್ಲ. ಆದ್ದರಿಂದಲೇ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯು ಗಾಲಿಯುಳ್ಳ ವಾಕರ್‌ಗಳ ತಯಾರಿಕೆ ಮತ್ತು ಮಾರಾಟವನ್ನೇ ನಿಷೇಧಿಸಬೇಕೆಂದು ಒತ್ತಾಯಿಸುತ್ತ ಬಂದಿದೆ. ಕೆನಡಾ ದೇಶವು 2004ರ ಏಪ್ರಿಲ್‌ನಲ್ಲಿ ವಾಕರ್‌ಗಳ ಮಾರಾಟ, ಆಮದು ಮತ್ತು ಜಾಹೀರಾತನ್ನು ನಿಷೇಧಿಸಿತು. ಬಳಸಿದ ವಾಕರ್ ಅನ್ನು ಮರುಮಾರಾಟ ಮಾಡುವುದು ಕೂಡ ಅಲ್ಲಿ ಅಪರಾಧ.

ತಾಯಿಯ ಕೈ ಬಿಡುವಾಗುವುದು ಹೇಗೆ

ವಾಕರ್ ಬೇಡ ಎಂದಷ್ಟೇ ಹೇಳಿ ಹಿಂದಿರುಗಿದರೆ ಕೆಲಸ ಅರ್ಧವಾದಂತೆ. ಕೂಸನ್ನು ಎಲ್ಲಿ ಬಿಡಲಿ ಎಂಬ ತಾಯಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ಸುರಕ್ಷಿತವಾದ ನೆಲ. ಒಂದು ಕೋಣೆಯ ಮೂಲೆ, ಹಾಸಿದ ಚಾಪೆ ಅಥವಾ ಜಮಖಾನ, ಬಾಗಿಲಿಗೆ ಕೂಸು ದಾಟಲಾಗದಷ್ಟು ಎತ್ತರದ ಅಡ್ಡಹಲಗೆ, ಹಿಡಿದು ನಿಲ್ಲಲು ಅಲುಗಾಡದ ಗಟ್ಟಿ ಪೆಟ್ಟಿಗೆ ಅಥವಾ ಮಣೆ, ಆಡಲು ಬಾಯಿಗೆ ಹೋಗದಷ್ಟು ದೊಡ್ಡ ಬಟ್ಟಲು, ಮುಚ್ಚಳ, ಬಟ್ಟೆಯ ಚೆಂಡು ಇದ್ದರೆ ಸಾಕು. ಇನ್ನೂ ತೆವಳದ ಶಿಶುವನ್ನು ಎಚ್ಚರವಿರುವಾಗ ದಿನಕ್ಕೆ ಕನಿಷ್ಠ 30 ನಿಮಿಷ ಬೋರಲು ಮಲಗಿಸಿ ಆಡಿಸಬೇಕು ಮತ್ತು ಯಾವ ಶಿಶುವನ್ನೂ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಾಲ ಕಟ್ಟಿ ಕೂರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಹಾಗೆಂದು ಸುರಕ್ಷಿತ ನೆಲದಲ್ಲಿಯೂ ಕೂಸನ್ನು ಒಂಟಿಯಾಗಿ ಬಿಟ್ಟು ಹೊರಗೆ ಹೋಗುವಂತಿಲ್ಲ. ಹೊಲಕ್ಕೆ, ಕಾಮಗಾರಿಗೆ ಹೋಗುವ ತಾಯಿಗೆ ಕೂಸಿನ ಮನೆ ನಂಬಿಕೆಗೆ ಯೋಗ್ಯವಾಗಿರಬೇಕಾದದ್ದು ಈ ಕಾರಣಕ್ಕಾಗಿಯೇ.

ಸದಸ್ಯರ ಪರಿಶೀಲನೆಗೆ ಕ್ರಮಗಳು

1. ಕೂಸಿನ ಮನೆ, ಅಂಗನವಾಡಿಗಳಿಗೆ ಗಾಲಿಯುಳ್ಳ ವಾಕರ್‌ಗಳನ್ನು ಖರೀದಿಸದಿರಲು ಮತ್ತು ದಾನವಾಗಿ ಸ್ವೀಕರಿಸದಿರಲು ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಳ್ಳಬಹುದು. ದಾನಿಗಳ ಮನಸ್ಸು ನೋಯದಂತೆ ಕಾರಣ ತಿಳಿಸಿ, ಅದೇ ಮೊತ್ತದಲ್ಲಿ ಜಮಖಾನ, ಅಡ್ಡಹಲಗೆ, ಮರದ ಆಟಿಕೆ ನೀಡುವಂತೆ ಕೋರಬಹುದು.

2. ಈಗಾಗಲೇ ಇರುವ ವಾಕರ್‌ಗಳನ್ನು ಬಳಕೆಯಿಂದ ತೆಗೆದು, ಗಾಲಿಗಳನ್ನು ಕಳಚಿ ವಿಲೇವಾರಿ ಮಾಡಬೇಕು. ಬೇರೊಂದು ಮನೆಗೆ ಕೊಟ್ಟರೆ ಅಪಾಯವೂ ಅದರೊಂದಿಗೆ ಹೋಗುತ್ತದೆ.

3. ಪ್ರತಿ ಕೂಸಿನ ಮನೆಯ ಕಟ್ಟಡವನ್ನು ಸದಸ್ಯರೇ ಒಮ್ಮೆ, ಮಂಡಿಯೂರಿ ಕೂಸಿನ ಎತ್ತರದಿಂದ ನೋಡಬೇಕು. ಹೊಸ್ತಿಲು, ಮೆಟ್ಟಿಲು, ಸಂಪಿನ ಮುಚ್ಚಳ, ತಗ್ಗಿನಲ್ಲಿರುವ ವಿದ್ಯುತ್ ಸಾಕೆಟ್, ಅಡುಗೆಯ ಜಾಗ, ಶೌಚಾಲಯದ ಬಕೆಟ್ ಇವುಗಳನ್ನು ಪಟ್ಟಿ ಮಾಡಿ ಸರಿಪಡಿಸಬೇಕು.

4. ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಮನೆಭೇಟಿ ಮಾಡುತ್ತಾರೆ. ಮನೆಗಳು ವಾಕರ್ ಕೊಳ್ಳುವುದು ಹೆಚ್ಚಾಗಿ 6 ಮತ್ತು 9ನೆಯ ತಿಂಗಳ ನಡುವೆ. ಆ ಎರಡು ಭೇಟಿಗಳಲ್ಲಿ ಈ ವಿಷಯ ತಿಳಿಸುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣ ಸಮಿತಿಯ ಮೂಲಕ ಕೋರಬಹುದು. ಮಹಿಳಾ ಗ್ರಾಮ ಸಭೆಯಲ್ಲಿಯೂ ವಿಷಯ ಮಂಡಿಸಬಹುದು. ಅಜ್ಜಿಯರು ಒಪ್ಪಿದರೆ ಮನೆ ಒಪ್ಪಿದಂತೆ.

5. ಬೆಳವಣಿಗೆ ತಡವಾಗಿದೆಯೆಂಬ ಸಂಶಯವಿರುವ ಮಕ್ಕಳನ್ನು ಅಂಗನವಾಡಿಗೆ ಭೇಟಿ ನೀಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು.

6. ಕೂಸು ತಲೆಗೆ ಪೆಟ್ಟಾಗುವಂತೆ ಬಿದ್ದರೆ ವೈದ್ಯರಿಗೆ ತೋರಿಸಬೇಕು. ಪ್ರಜ್ಞೆ ತಪ್ಪುವುದು, ಪದೇ ಪದೇ ವಾಂತಿ, ಅತಿಯಾದ ಮಂಪರು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ದ್ರವ ಸೋರುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಬೇಕು. ಟೂತ್‌ಪೇಸ್ಟ್, ಶಾಯಿ ಹಚ್ಚಬಾರದು. ಈ ಸೂಚನೆಗಳು ಕೂಸಿನ ಮನೆಯ ಗೋಡೆಯ ಮೇಲಿರಲಿ.

ಮಾನ್ಯ ಸದಸ್ಯರೇ, ಈ ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ದೊಡ್ಡ ಅನುದಾನ ಬೇಕಿಲ್ಲ. ಒಂದು ನಿರ್ಣಯ, ಒಂದು ಪರಿಶೀಲನೆ, ಬಾಗಿಲಿಗೊಂದು ಅಡ್ಡಹಲಗೆ ಇವು ಮುಂದಿನ ಸಭೆಯೊಳಗೆ ಆಗಬಹುದಾದ ಕೆಲಸಗಳು. ಕೂಸು ತನ್ನ ಕಾಲ ಮೇಲೆ ತನ್ನ ಸಮಯಕ್ಕೆ ತಾನು ನಿಲ್ಲುತ್ತದೆ. ಅಲ್ಲಿಯವರೆಗೆ ಅದು ಬಿದ್ದರೂ ಪೆಟ್ಟಾಗದಂತಹ ನೆಲವನ್ನು ಒದಗಿಸುವುದು ಹಿರಿಯರ ಕರ್ತವ್ಯ. ಕೂಸಿನ ಮನೆಯ ಮಟ್ಟಿಗೆ ಆ ಹಿರಿಯತನ ಗ್ರಾಮ ಪಂಚಾಯಿತಿಯದು.